ತಾಯಿ ಎಂದು ತೀರಿಸಿದ ಸಾಲ

ಹುಣಸೂರಿನಿಂದ ನಾಗರಹೊಳೆಯ ಕಾಡಿಗೆ ಹೋಗುವ ಹಾದಿಯಲ್ಲಿ ವೀರನಹೊಸಹಳ್ಳಿ ಎಂಬ ಊರಿದೆ. ದಸರೆಯ ಆನೆಗಳು ಮೈಸೂರಿಗೆ ಹೊರಡುವ ಗಜಪಯಣದ ಸುದ್ದಿಯಲ್ಲಿ ಓದುಗರು ಈ ಹೆಸರನ್ನು ಕಂಡಿರಬಹುದು. ಕೆಲವು ವರ್ಷಗಳ ಕೆಳಗೆ ಆ ಕಡೆಯ ನೆಂಟರ ಮನೆಗೆ ಹಿರಿಯಜ್ಜಿಯೊಬ್ಬರ ತಿಥಿಗೆಂದು ಹೋಗಿದ್ದೆ. ಯಾರ ಮನೆಯ ಹೆರಿಗೆಯೆಂದರೂ, ಯಾರ ಮನೆಯ ಸಾವೆಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟುಬಿಡುತ್ತಿದ್ದ ಜೀವ ಅದು. ಬಂದವರೆಲ್ಲ ಒಂದೇ ಮಾತನ್ನು ಹೇಳಿದರು: ಆಕೆ ಊರಿಗೇ ತಾಯಿ, ಒಂದು ಕಾಸು ಮುಟ್ಟಿದವರಲ್ಲ, ಅದು ಅವರ ಹುಟ್ಟುಗುಣ. ಸಭ್ಯತೆಗಾಗಿ ನಾನೂ ತಲೆಯಾಡಿಸಿದೆ.

ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹಿರಿಯ ಸೊಸೆ ನೀರು ಕೊಟ್ಟರು. ಅವರಿಗೂ ಅರವತ್ತು ದಾಟಿತ್ತು. ನಾನು ಅಜ್ಜಿಯನ್ನು ಹೊಗಳಿದೆ. ಅವರು ಚೊಂಬನ್ನು ಕೆಳಗಿಟ್ಟು ಹೇಳಿದರು: "ನಮ್ಮತ್ತೆ ಒಳ್ಳೇವ್ರು ಕಣಪ್ಪಾ, ಇಲ್ಲ ಅನ್ನಕ್ಕಾಯ್ತದಾ? ಆದ್ರೆ ಅವ್ರು ಹೋದ ರಾತ್ರಿಯೆಲ್ಲ ಬ್ಯಾರನ್ ಉರಿ ಕಾದೋಳು ನಾನು. ಅದ್ನ ಯಾರೂ ಹೇಳ್ಲಿಲ್ಲ."

ಆ ಸೀಮೆ ಹೊಗೆಸೊಪ್ಪಿನದು. ಸೊಪ್ಪನ್ನು ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿಯ ಹದ ತಪ್ಪುವಂತಿಲ್ಲ. ತಪ್ಪಿದರೆ ಸೊಪ್ಪಿನ ಬಣ್ಣ ಕೆಡುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಅಂಥ ರಾತ್ರಿ ಮನೆಯಿಂದ ಒಂದು ಜೀವ ಎದ್ದು ಹೋದರೆ ಅದರ ಪಾಲಿನ ನಿದ್ದೆಯನ್ನು ಇನ್ನೊಂದು ಜೀವ ಕೊಡಬೇಕು. ಊರಿಗೆ ಪುಕ್ಕಟೆಯಾಗಿ ಸಿಕ್ಕಿದ್ದು ಮನೆಗೆ ಪುಕ್ಕಟೆಯಾಗಿರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಸೂಲಗಿತ್ತಿ ನರಸಮ್ಮನವರ ನೆನಪು ಬಂತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಮನೆಮಾತು ತೆಲುಗು, ಓದುಬರಹವಿಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆ. ಮುಂದೆ ಹನ್ನೆರಡು ಮಕ್ಕಳು. ಅಜ್ಜಿಯಿಂದ ಸೂಲಗಿತ್ತಿಯ ಕೆಲಸ ಕಲಿತು, 1940ರ ಸುಮಾರಿಗೆ ತಮ್ಮ ಬಂಧುವೊಬ್ಬರ ಹೆರಿಗೆಯಿಂದ ತೊಡಗಿ, ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದರು. ಅದಕ್ಕೆ ಹಣ ಪಡೆದವರಲ್ಲ. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.

ಹದಿನೈದು ಸಾವಿರವೆಂದು ಓದಿ ಬೆರಗಾಗಿ ಪುಟ ತಿರುವುವುದು ಸುಲಭ. ಅಂದು ಬಸ್ಸಿನಲ್ಲಿ ನಾನು ಸುಮ್ಮನೆ ಲೆಕ್ಕ ಹಾಕಿದೆ. ಎಪ್ಪತ್ತು ವರ್ಷಕ್ಕೆ ಹಂಚಿದರೂ ವಾರಕ್ಕೆ ನಾಲ್ಕು ಹೆರಿಗೆ. ಹೆರಿಗೆಯೆಂದರೆ ಒಂದು ಗಳಿಗೆಯ ಕೆಲಸವಲ್ಲ. ನೋವು ಕಾಣಿಸಿಕೊಂಡಾಗ ಹೋದವರು ಕಸ ಬಿದ್ದು, ಮಗುವಿಗೆ ನೀರೆರೆದು, ಬಾಣಂತಿಯನ್ನು ಮಲಗಿಸಿ ಬರಬೇಕು. ಅಷ್ಟು ಹೊತ್ತು ಅವರ ಸ್ವಂತ ಹನ್ನೆರಡು ಹೆರಿಗೆಗಳ ಕೂಸುಗಳು ಯಾರ ಮಡಿಲಲ್ಲಿದ್ದವು? ಪ್ರಶಸ್ತಿಪತ್ರಗಳಲ್ಲಿ ಇದನ್ನು ಬರೆಯುವುದಿಲ್ಲ. ಬರೆಯಲು ಅಲ್ಲಿ ಜಾಗವೂ ಇರುವುದಿಲ್ಲ, ಪಾಪ.

ಪ್ರೀತಿಯಿಂದ ಮಾಡಿದ್ದಕ್ಕೆ ಲೆಕ್ಕವೆಂಥದು, ಲೆಕ್ಕವಿಟ್ಟರೆ ಅದು ಸೇವೆಯಾದೀತೆ, ಎಂದು ಓದುಗರು ಕೇಳಬಹುದು. ಈ ಆಕ್ಷೇಪಕ್ಕೆ ತೂಕವಿದೆ. ಆ ಅಜ್ಜಿಯ ಮುಂದೆ ನಾನು ಈ ಲೆಕ್ಕ ತೆಗೆದಿದ್ದರೆ ಬಹುಶಃ ಮುಖ ತಿರುಗಿಸುತ್ತಿದ್ದರು. ಕೊಟ್ಟವರು ಲೆಕ್ಕ ಮರೆಯುವುದು ಔದಾರ್ಯ, ಒಪ್ಪಿದೆ. ಪಡೆದವರೂ ಮರೆತರೆ? ಅದನ್ನು ಔದಾರ್ಯವೆನ್ನಲಾರೆ. 'ಹುಟ್ಟುಗುಣ' ಎಂಬ ಮಾತಿನಲ್ಲಿ ನನಗೆ ಕಾಣುವ ತೊಡಕು ಇದು. ಹೂವು ಅರಳುವುದಕ್ಕೆ ನಾವು ಋಣಿಗಳಾಗುವುದಿಲ್ಲ. ಅದರ ಸ್ವಭಾವವೇ ಅದು. ಮನುಷ್ಯಳೊಬ್ಬಳ ಸೇವೆಯನ್ನೂ ಆ ಸಾಲಿಗೆ ಸೇರಿಸಿಬಿಟ್ಟರೆ ಮಳೆಯ ರಾತ್ರಿ ಬಾಗಿಲು ತಟ್ಟಿದಾಗ ಆಕೆ ಏಳಬಹುದಿತ್ತು, ಏಳದೆಯೂ ಇರಬಹುದಿತ್ತು ಎಂಬುದು ಮರೆತೇಹೋಗುತ್ತದೆ. ಮೈಯಲ್ಲಿ ಜ್ವರವಿದ್ದಾಗ, ಹಿಂದಿನ ವಾರವಷ್ಟೇ ಜಗಳವಾಡಿದವರ ಮನೆಯಿಂದ ಕರೆ ಬಂದಾಗ, ಆಕೆ ಪ್ರತಿಸಲವೂ ಮನಸ್ಸು ಮಾಡಿ ಎದ್ದಳು. ಆ ಮನಸ್ಸು ಮಾಡಿದ್ದೇ ಆಕೆಯ ಹೆಚ್ಚುಗಾರಿಕೆ. ಹುಟ್ಟುಗುಣವೆಂದು ನಾವು ಅದನ್ನೇ ಕಿತ್ತುಕೊಳ್ಳುತ್ತೇವೆ.

ತಾಯಿ ಎಂದು ಕರೆಯುವುದರಲ್ಲೂ ಒಂದು ಅನುಕೂಲವಿದೆ. ತಾಯಿಗೆ ಯಾರೂ ಕೂಲಿ ಕೊಡುವುದಿಲ್ಲವಷ್ಟೆ! ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೂಲಗಿತ್ತಿಯರು ಊರಾಚೆಯ ಕೇರಿಯವರು. ನೋವು ಎದ್ದ ಹೊತ್ತಿಗೆ ಅವರನ್ನು ಒಳಮನೆಗೇ ಕರೆಯುತ್ತಿದ್ದರು. ಆಗ ಮಡಿಯಿಲ್ಲ, ಮೈಲಿಗೆಯಿಲ್ಲ. ಮಗು ಅತ್ತಿತೋ, ಆ ತಾಯಿಗೆ ಜಗುಲಿಯ ಕೆಳಗೆ ಜಾಗ. ಮೊರದಲ್ಲಿ ಒಂದಿಷ್ಟು ರಾಗಿ, ಒಂದು ಹಳೆಯ ಸೀರೆ. ಆಕೆಯ ಕೈಯಲ್ಲೇ ಲೋಕಕ್ಕೆ ಬಂದವನು ಬೆಳೆದು ದೊಡ್ಡವನಾಗಿ ಆಕೆಯನ್ನು ಏಕವಚನದಲ್ಲಿ ಕರೆಯುತ್ತಿದ್ದ. ನಾವು ಪಟ್ಟಣಕ್ಕೆ ಬಂದವರು ಇದನ್ನು ಹಳ್ಳಿಯ ಮಾತೆಂದು ದೂರ ಇಡುವ ಹಾಗಿಲ್ಲ. ಅಂಥ ಕೈಗಳ ಮೇಲೆ ಹುಟ್ಟಿದವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ಆ ಕೈಯ ಹೆಸರು ಗೊತ್ತು? ನನ್ನನ್ನು ಹಿಡಿದವರ ಹೆಸರು ನನಗೆ ಗೊತ್ತಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ಕೇಳಲಿಲ್ಲ, ಈಗ ಹೇಳುವವರಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸರ ಊರು. ಅವರ ಹೆಸರಿನ ಪ್ರಶಸ್ತಿ 2012ರಲ್ಲಿ ನರಸಮ್ಮನವರಿಗೆ ಸಂದಿತು. ಸಂತೋಷವೇ. ಆದರೆ ಅಷ್ಟು ಹೊತ್ತಿಗೆ ಅವರಿಗೆ ತೊಂಬತ್ತು ದಾಟಿತ್ತು.

ಹಿತ್ತಲಿನ ಮಾತು ಅಲ್ಲಿಗೇ ಮುಗಿದಿರಲಿಲ್ಲ. ಅತ್ತೆಯ ಮೇಲೆ ಕೋಪ ಬರುತ್ತಿರಲಿಲ್ಲವೆ ಎಂದು ಕೇಳಿದ್ದೆ. ಆ ಸೊಸೆ ನಕ್ಕರು. ಬರುತ್ತಿತ್ತಂತೆ, ಎಷ್ಟೋ ಸಲ ಮಾತು ಬಿಟ್ಟಿದ್ದೂ ಉಂಟಂತೆ. ಒಂದು ಮುಂಜಾವ ಅತ್ತೆ ಬಂದವರೇ ಏನೂ ಹೇಳದೆ ಇವರ ಕೈಯಿಂದ ಸೌದೆ ಇಸಿದುಕೊಂಡು, "ಹೋಗು, ಒಸಿ ಮಲಿಕೊ" ಎಂದು ಬ್ಯಾರನ್ನಿನ ಮುಂದೆ ತಾವೇ ಕುಳಿತರಂತೆ. "ಕುಂತಲ್ಲೇ ತೂಕಡಿಸ್ತಿದ್ರು. ನಾನೂ ಒಳಕ್ಕೆ ಹೋಗ್ಲಿಲ್ಲ" ಎಂದರು. ಅಷ್ಟರಲ್ಲಿ ಮುಂದಿನ ಪಂಕ್ತಿಗೆ ಎಲೆ ಹಾಕಲು ಯಾರೋ ಕರೆದರು. ಅವರು ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ನಡೆದರು.