ಆರೋಪವೂ ಅಪರಾಧವೂ



ಒಬ್ಬನ ಮೇಲೆ ಆರೋಪ ಬಂದೊಡನೆಯೇ ಅವನನ್ನು ಅಪರಾಧಿಯೆಂದು ಬಗೆಯುವುದು ಧರ್ಮವೇ? ಈ ಪ್ರಶ್ನೆ ನ್ಯಾಯವಾದಿಗಳಿಗೆ ಮಾತ್ರ ಸೇರಿದುದಲ್ಲ. ನೆರೆಹೊರೆಯೊಡನೆ ಬಾಳುವ ನಮ್ಮೆಲ್ಲರಿಗೂ ಸೇರಿದುದು. ಹುಮನಾಬಾದಿನ ಬಸ್ ನಿಲ್ದಾಣದಲ್ಲಾಗಲಿ, ಬಸವಕಲ್ಯಾಣದ ಸಂತೆಯಲ್ಲಾಗಲಿ 'ಅವನ ಮೇಲೆ ಕೇಸಾಗಿದೆಯಂತೆ' ಎಂದು ಬೆಳಿಗ್ಗೆ ಹುಟ್ಟಿದ ಮಾತು ಸಂಜೆಯ ಹೊತ್ತಿಗೆ 'ಅವನು ಕಳ್ಳನಂತೆ' ಎಂದಾಗಿರುತ್ತದೆ. ಆ ಮನೆಗೆ ಹೆಣ್ಣು ಕೊಡುವವರು ಹಿಂಜರಿಯುತ್ತಾರೆ, ಅಂಗಡಿಯವನು ಉದ್ರಿ ನಿಲ್ಲಿಸುತ್ತಾನೆ. ನ್ಯಾಯಾಧೀಶರು ಕಡತ ಬಿಚ್ಚುವ ಮೊದಲೇ ಊರು ತೀರ್ಪು ಕೊಟ್ಟು ಮುಗಿಸಿರುತ್ತದೆ.

ಆದರೆ ಕಾನೂನು ಇಷ್ಟು ಅವಸರಪಡುವುದಿಲ್ಲ. ಪೊಲೀಸ್ ಠಾಣೆಯಲ್ಲಿ ದಾಖಲಾಗುವ ಪ್ರಥಮ ವರ್ತಮಾನ ವರದಿಯು ಕೇವಲ ಸುದ್ದಿ. ತನಿಖೆಗೆ ಅದು ಆರಂಭವೇ ಹೊರತು ಅಂತ್ಯವಲ್ಲ. ತನಿಖೆ ಮುಗಿದ ಮೇಲೆ ಪೊಲೀಸರು ಸಲ್ಲಿಸುವ ದೋಷಾರೋಪ ಪಟ್ಟಿಯು ಅವರ ಅಭಿಪ್ರಾಯ. ಆರೋಪಿಯು ಬಂಧನದಲ್ಲಿದ್ದರೆ, ಅಪರಾಧದ ಗುರುತ್ವಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ತನಿಖೆ ಮುಗಿಯಬೇಕು. ಇಲ್ಲವಾದರೆ ಜಾಮೀನು ಪಡೆಯುವ ಹಕ್ಕು ಅವನಿಗೆ ಒದಗುತ್ತದೆ. ಅನಂತರ ನ್ಯಾಯಾಲಯವು ಉಭಯರನ್ನೂ ಆಲಿಸಿ, ವಿಚಾರಣೆಗೆ ಆಧಾರವಿಲ್ಲವೆಂದು ಕಂಡರೆ ಅವನನ್ನು ಅಲ್ಲಿಯೇ ಬಿಡುಗಡೆ ಮಾಡಬಹುದು. ಆಧಾರವಿದೆಯೆಂದು ಕಂಡರೆ ದೋಷಾರೋಪಣೆಯನ್ನು ಬರೆಯುತ್ತದೆ. ಯಾವ ಅಪರಾಧ, ಯಾವ ಕಲಮು, ಯಾವಾಗ, ಎಲ್ಲಿ, ಯಾರ ವಿಷಯದಲ್ಲಿ ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಆರೋಪಿಗೆ ಓದಿ, ತಿಳಿಯುವಂತೆ ವಿವರಿಸಿ, 'ಒಪ್ಪುವೆಯೋ, ವಿಚಾರಣೆ ಬೇಕೋ?' ಎಂದು ಕೇಳಬೇಕು. 1973ರ ಸಂಹಿತೆಯಲ್ಲಿದ್ದ ಈ ಕ್ರಮವನ್ನು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಉಳಿಸಿಕೊಂಡಿದೆ. ಸಾಕ್ಷ್ಯ ಪ್ರಮಾಣಗಳ ಪರೀಕ್ಷೆ ಇಷ್ಟಾದ ಮೇಲೆ ಮೊದಲಾಗತಕ್ಕದ್ದು.

ಪರದೇಶಗಳಲ್ಲಿಯೂ ಈ ಎಚ್ಚರವುಂಟು. 1166ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿಯು ಪ್ರತಿ ಪ್ರದೇಶದ 12 ಜನ ಸಜ್ಜನರು ಪ್ರಮಾಣಮಾಡಿ ಆರೋಪ ಹೇಳಬೇಕೆಂದು ವಿಧಿಸಿದನು. ಅದರಿಂದ ಬೆಳೆದ 'ಗ್ರ್ಯಾಂಡ್ ಜ್ಯೂರಿ' ಎಂಬ ಪದ್ಧತಿ ಇಂದಿಗೂ ಅಮೇರಿಕದಲ್ಲಿದೆ. ಅಲ್ಲಿನ ಕೇಂದ್ರ ನ್ಯಾಯಾಲಯಗಳಲ್ಲಿ 16ರಿಂದ 23 ಜನ ನಾಗರಿಕರು ಗುಪ್ತವಾಗಿ ಕುಳಿತು, ಕನಿಷ್ಠ 12 ಜನ ಒಪ್ಪಿದರೆ ಮಾತ್ರ ಗುರುತರವಾದ ಆರೋಪ ಮುಂದುವರಿಯುತ್ತದೆ. ಅವರೂ ಸಹ 'ಇವನು ತಪ್ಪಿತಸ್ಥ' ಎನ್ನುವುದಿಲ್ಲ. 'ವಿಚಾರಿಸಲು ಕಾರಣವಿದೆ' ಎನ್ನುತ್ತಾರೆ, ಅಷ್ಟೆ.

ಈ ವಿವೇಕಕ್ಕಾಗಿ ನಾವು ಕಡಲಾಚೆ ನೋಡಬೇಕಾಗಿಯೂ ಇಲ್ಲ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇದೇ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನವನ್ನು ರಚಿಸಿದನು. ವಾದಿಯ ಮಾತನ್ನು ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ, ಮಾಸ, ಪಕ್ಷ, ದಿನ, ಹೆಸರುಗಳ ಸಹಿತ ಬರೆಯಬೇಕೆಂಬುದು ಅಲ್ಲಿನ ವಿಧಿ. ಬೆನ್ನ ಹಿಂದೆ ಆಡಿದ ಮಾತು ವ್ಯವಹಾರವೆನಿಸದು.

ಆದರೂ ಅದೇ ಸ್ಮೃತಿಯು ವರ್ಣಕ್ಕೆ ತಕ್ಕಂತೆ ದಂಡದಲ್ಲಿ ಭೇದವನ್ನು ಹೇಳುತ್ತದೆಂಬುದನ್ನು ಮರೆಯುವಂತಿಲ್ಲ. ಕೆಲವು ದಶಕಗಳ ತರುವಾಯ ಅದೇ ನಗರದಲ್ಲಿ ಹರಳಯ್ಯನವರೂ ಮಧುವರಸರೂ ಆರೋಪಿಗಳಾದರು. ತಮ್ಮ ಮಕ್ಕಳಿಗೆ ಕುಲವನ್ನೆಣಿಸದೆ ಮದುವೆ ಮಾಡಿಸಿದುದೇ ಅವರ ಮೇಲಿನ ದೋಷ. ಬಿಜ್ಜಳನ ಆಜ್ಞೆಯಿಂದ ಅವರು ಘೋರ ದಂಡನೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಇಲ್ಲಿ ಆರೋಪವು ಸುಳ್ಳಾಗಿರಲಿಲ್ಲ. ಮದುವೆ ನಡೆದದ್ದು ನಿಜ. ಪಾಪವೆಂದು ಹೆಸರಿಟ್ಟ ಕಟ್ಟಳೆಯೇ ಸುಳ್ಳಾಗಿತ್ತು. ಬಸವಕಲ್ಯಾಣದ ಹರಳಯ್ಯನ ಗವಿಗೆ ಹೋಗಿ ತಲೆಬಾಗುವ ನಾವು, ಒಂದು ಕಾಲದಲ್ಲಿ ರಾಜಾಜ್ಞೆಯು ಅಪರಾಧಿಯೆಂದ ವ್ಯಕ್ತಿಗೇ ತಲೆಬಾಗುತ್ತಿದ್ದೇವೆಂಬುದನ್ನು ನೆನೆಯಬೇಕು. ಅಂತಹ ಪರಂಪರೆಯವರಿಗೆ 'ಆರೋಪಿ' ಎಂಬ ಶಬ್ದವು ಮನುಷ್ಯನ ಬೆಲೆ ಕಟ್ಟುವ ಕೊನೆಯ ಮಾತಾಗಕೂಡದು.

ಹಾಗಾದರೆ ನೊಂದು ದೂರು ಕೊಟ್ಟವರ ಗತಿಯೇನೆಂದು ತಾವು ಕೇಳಬಹುದು. ಯೋಗ್ಯವಾದ ಪ್ರಶ್ನೆಯೇ. ತೀರ್ಪಿಗಾಗಿ ಕಾಯುವುದೆಂದರೆ ದೂರುದಾರರನ್ನು ಸುಳ್ಳುಗಾರರೆನ್ನುವುದಲ್ಲ. ಆರೋಪಿಯು ಬಲಾಢ್ಯನೆಂದು ಬಡವರ ದೂರನ್ನು ಪಂಚರ ಕಟ್ಟೆಯಲ್ಲಿಯೇ ಅಡಗಿಸುವುದೂ, ಆರೋಪಿಯು ಬಡವನೆಂದು ವಿಚಾರಣೆಯಿಲ್ಲದೆಯೇ ಕಳ್ಳನೆನ್ನುವುದೂ ಒಂದೇ ಪಾಪದ ಎರಡು ಮುಖಗಳು. ದೂರಿಗೆ ಕಿವಿಯೂ ಆರೋಪಿಗೆ ಅವಕಾಶವೂ ಏಕಕಾಲದಲ್ಲಿ ದೊರೆಯಬೇಕು.

ಆದುದರಿಂದ, ಬಂಧುಗಳೇ, ನೆರೆಯವನ ವಿಷಯದಲ್ಲಿ ಒಂದು ಕೆಟ್ಟ ಮಾತು ಕಿವಿಗೆ ಬಿದ್ದಾಗ ನ್ಯಾಯಾಲಯವು ಕೇಳುವ ಪ್ರಶ್ನೆಗಳನ್ನೇ ನಾವೂ ಕೇಳಿಕೊಳ್ಳೋಣ: ಏನು ನಡೆಯಿತು? ಎಂದು? ಎಲ್ಲಿ? ಕಂಡವರಾರು? ಅವನ ಉತ್ತರವೇನು? ಇವಕ್ಕೆ ಉತ್ತರ ಸಿಗುವವರೆಗೆ ಅವನ ಮನೆಯ ಪ್ರಸಾದವನ್ನು ನಿರಾಕರಿಸದಿರೋಣ. ನಾಲಗೆಯನ್ನು ಒಂದು ದಿನ ತಡೆಯುವುದು ಸಣ್ಣ ವ್ರತವೆಂದು ತೋರಬಹುದು. ಆದರೆ ಆ ಒಂದು ದಿನದಲ್ಲಿ ಒಂದು ಮನೆಯ ಮಾನ ಉಳಿಯುತ್ತದೆ.