ಶಬ್ದ ನಿಲ್ಲಬೇಕೋ, ಕಾರಣ ತಿಳಿಯಬೇಕೋ?

ನಿಮ್ಮಲ್ಲಿ ಹಲವರ ಮನೆಯಂಗಳದಲ್ಲಿ ಒಂದು ಕಾರು ಇರಬಹುದು. ಬೆಳಿಗ್ಗೆ ಅದನ್ನು ಸ್ಟಾರ್ಟ್ ಮಾಡಿದಾಗ, ನಿನ್ನೆಯವರೆಗೆ ಇಲ್ಲದ ಒಂದು ಸಣ್ಣ ‘ಟಿಕ್ ಟಿಕ್’ ಸದ್ದು ಬಾನೆಟ್‌ನ ಅಡಿಯಿಂದ ಕೇಳಿಬಂದರೆ ನೀವು ಏನು ಮಾಡುತ್ತೀರಿ? ಕೆಲವರು ರೇಡಿಯೋದ ಧ್ವನಿಯನ್ನು ಏರಿಸುತ್ತಾರೆ. ಕೆಲವರು ಗ್ಯಾರೇಜಿಗೆ ಹೋಗಿ, “ಈ ಶಬ್ದ ನಿಲ್ಲಿಸಿಕೊಡಿ” ಎನ್ನುತ್ತಾರೆ. “ಈ ಶಬ್ದ ಯಾಕೆ ಬರುತ್ತದೆ, ನೋಡಿ” ಎನ್ನುವವರು ವಿರಳ. ಈ ಎರಡು ಮಾತುಗಳೂ ಒಂದೇ ಎಂದು ನಾನು ಬಹುಕಾಲ ತಿಳಿದಿದ್ದೆ. ಒಂದೇ ಅಲ್ಲವೆಂಬುದನ್ನು ಅತ್ತಾವರದ ಹಿರಿಯ ಮೆಕ್ಯಾನಿಕ್ ಒಬ್ಬರು ತೋರಿಸಿಕೊಟ್ಟರು. ಆದರೆ ಅಷ್ಟು ಹೊತ್ತಿಗೆ ನಾನೊಂದು ಅನ್ಯಾಯವನ್ನು ಮಾಡಿ ಮುಗಿಸಿದ್ದೆ.

ನನ್ನದು 1998ರ ಮಾರುತಿ 800. ಮೂರು ಸಿಲಿಂಡರುಗಳ, 796 ಸಿಸಿ ಇಂಜಿನಿನ ಆ ಪುಟ್ಟ ಕಾರು 1983ರಿಂದ 2014ರವರೆಗೆ ತಯಾರಾಗುತ್ತಿತ್ತು. ನಮ್ಮಂತಹ ಶಿಕ್ಷಕರ ಕುಟುಂಬಗಳಿಗೆ ಅದೇ ದೊಡ್ಡ ಸಂಪತ್ತು. 2006ರ ಮಳೆಗಾಲದಲ್ಲಿ ಅದರ ಇಂಜಿನಿನಿಂದ ಟಿಕ್ ಟಿಕ್ ಸದ್ದು ಆರಂಭವಾಯಿತು. “ಮಾಸ್ಟ್ರೇ, ಕಾರಿನೊಳಗೆ ಹೊಲಿಗೆ ಮೆಷಿನ್ ಇಟ್ಟಿದ್ದೀರಾ?” ಎಂದು ನೆರೆಯವರು ನಕ್ಕರು. ನನಗೆ ನಾಚಿಕೆಯಾಯಿತು. ನಗರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿದ್ದ ಹುಡುಗ ಕಿವಿಗೊಟ್ಟು, “ಟ್ಯಾಪೆಟ್ ಶಬ್ದ ಮಾಸ್ಟ್ರೇ. ಗ್ಯಾಪ್ ಸರಿ ಮಾಡುತ್ತೇನೆ. ಆದರೆ ಸ್ವಲ್ಪ ಶಬ್ದ ಉಳಿಯುತ್ತದೆ, ತೊಂದರೆ ಇಲ್ಲ” ಎಂದ. ಕೆಲಸ ಮುಗಿಸಿದ ಮೇಲೂ ಕ್ಷೀಣವಾದ ಸದ್ದೊಂದು ಉಳಿದಿತ್ತು. “ದುಡ್ಡು ಕೊಡುವುದು ಶಬ್ದ ಉಳಿಸಲಿಕ್ಕಲ್ಲ” ಎಂದೆ. ಮಾಲೀಕರೂ ಹತ್ತಿರದಲ್ಲೇ ಇದ್ದರು. ಹುಡುಗ ಮರುಮಾತಿಲ್ಲದೆ ಸ್ಕ್ರೂಗಳನ್ನು ಇನ್ನಷ್ಟು ಬಿಗಿದ. ಇಂಜಿನು ಮೌನವಾಯಿತು. ನಾನು ಅವನಿಗೆ ಇಪ್ಪತ್ತು ರೂಪಾಯಿ ಹೆಚ್ಚೇ ಕೊಟ್ಟು ಬಂದೆ.

ಐದಾರು ತಿಂಗಳ ಬಳಿಕ ಕಾರು ಏರು ಹತ್ತಲಾರದಾಯಿತು. ಒಂದು ಸಿಲಿಂಡರು ಕೆಲಸವನ್ನೇ ಬಿಟ್ಟಿತ್ತು. ಅತ್ತಾವರದಲ್ಲಿ ರಸ್ತೆ ಬದಿಯ ಒಂದು ಹಂಚಿನ ಮಾಡಿನ ಗ್ಯಾರೇಜಿಗೆ ಕಾರನ್ನು ಎಳೆಸಿಕೊಂಡು ಹೋದೆ. ಅಲ್ಲಿಯ ಹಿರಿಯರು ಹೆಡ್ ಬಿಚ್ಚಿ ಎಕ್ಸಾಸ್ಟ್ ವಾಲ್ವ್ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅದರ ಅಂಚಿನ ಒಂದು ಭಾಗ ಇಲಿ ಕಡಿದ ರೊಟ್ಟಿಯಂತೆ ಸುಟ್ಟುಹೋಗಿತ್ತು.

ಇದರ ಕಾರಣವನ್ನು ನೀವೂ ತಿಳಿಯಬೇಕು. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು, ಅಂದರೆ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು, ಜಾಗ ಬಿಟ್ಟಿರುತ್ತಾರೆ. ಇಂಜಿನು ಕಾದಾಗ ಲೋಹ ಹಿಗ್ಗುತ್ತದಷ್ಟೆ. ಹಿಗ್ಗಿದರೂ ವಾಲ್ವ್ ಪೂರ್ತಿಯಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿ ಕುಳಿತಾಗಲೇ ಅದು ತನ್ನ ಉರಿಯನ್ನು ಸುತ್ತಲಿನ ಲೋಹಕ್ಕೆ ದಾಟಿಸಿ ತಣಿಯುತ್ತದೆ. ಜಾಗ ಹೆಚ್ಚಾದರೆ ಲೋಹಕ್ಕೆ ಲೋಹ ಬಡಿದು ಸದ್ದಾಗುತ್ತದೆ. ಜಾಗವೇ ಇಲ್ಲದಿದ್ದರೆ ಸದ್ದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ; ಉರಿಯುವ ಅನಿಲ ಆ ಸಂದಿನಿಂದಲೇ ನುಗ್ಗಿ ಅಂಚನ್ನು ಸುಡುತ್ತದೆ. ಟಿಕ್ ಟಿಕ್ ಎನ್ನುತ್ತಿದ್ದ ನನ್ನ ಇಂಜಿನು ಇನ್ನೂ ಬಹುದೂರ ಓಡುತ್ತಿತ್ತೇನೋ. ಮೌನವಾದದ್ದೇ ಅದಕ್ಕೆ ಮುಳುವಾಯಿತು.

ಇಷ್ಟು ಕೇಳಿದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. ಅಲ್ಲಿಂದಲೇ ಮೊದಲಿನ ಗ್ಯಾರೇಜಿನ ಮಾಲೀಕರಿಗೆ ಫೋನ್ ಮಾಡಿ, ನಿಮ್ಮ ಹುಡುಗನಿಗೆ ಕೆಲಸವೇ ಬರುವುದಿಲ್ಲ, ನನ್ನ ಇಂಜಿನನ್ನು ಕೊಂದಿದ್ದಾನೆ ಎಂದು ಬಾಯಿಗೆ ಬಂದಂತೆ ಬೈದೆ. ಫೋನ್ ಇಟ್ಟಾಗ ಹಿರಿಯರು ಕೈ ಒರೆಸಿಕೊಳ್ಳುತ್ತಾ ಕೇಳಿದರು: “ಮಾಸ್ಟ್ರೇ, ನೀವು ಆ ಹುಡುಗನಲ್ಲಿ ಹೇಳಿದ್ದು ಎಂಥದು? ಶಬ್ದ ಯಾಕೆ ಅಂತ ನೋಡಲಿಕ್ಕಾ, ಶಬ್ದ ನಿಲ್ಲಿಸಲಿಕ್ಕಾ?” ನಾನು ಉತ್ತರಿಸಲಿಲ್ಲ.

ಕಾರು ಅಲ್ಲಿ ನಾಲ್ಕು ದಿನ ಇತ್ತು. ದಿನವೂ ಸಂಜೆ ಹೋಗಿ ಅವರ ಕೆಲಸವನ್ನು ನೋಡುತ್ತಿದ್ದೆ. ಸದ್ದಿನ ದೂರಿನೊಂದಿಗೆ ಯಾವ ಕಾರು ಬಂದರೂ ಅವರು ಮೊದಲು ಸ್ಪ್ಯಾನರ್ ಎತ್ತುತ್ತಿರಲಿಲ್ಲ. ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡುತ್ತಿದ್ದರು. ಬಳಿಕ ಪ್ರಶ್ನೆಗಳು: ಶಬ್ದ ಬೆಳಿಗ್ಗೆ ಮಾತ್ರವೋ, ಇಡೀ ದಿನವೋ? ತಣ್ಣಗಿರುವಾಗ ಕೇಳಿಸಿ, ಕಾದ ಮೇಲೆ ಮಾಯವಾದರೆ ಅದು ಎಕ್ಸಾಸ್ಟ್ ಜೋಡಣೆಯ ಸೋರಿಕೆಯಿರಬಹುದು. ತಿರುವಿನಲ್ಲಿ ಮಾತ್ರ ಬಂದರೆ ಅದು ಇಂಜಿನಿನದೇ ಅಲ್ಲ, ಚಕ್ರದ ಕಡೆಯ ಜಾಯಿಂಟಿನದು. ಇಂಜಿನು ಎರಡು ಸುತ್ತು ತಿರುಗಿದಾಗ ಪ್ರತಿ ವಾಲ್ವ್ ತೆರೆಯುವುದು ಒಮ್ಮೆ. ಆದ್ದರಿಂದ ಟ್ಯಾಪೆಟ್ಟಿನ ಸದ್ದು ಇಂಜಿನಿನ ಅರ್ಧ ವೇಗದಲ್ಲಿ ಬರುತ್ತದೆ. ಬೇರಿಂಗಿನ ಸದ್ದು ಅದಕ್ಕಿಂತ ಭಾರ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಬಳಿಯ ಎಲುಬಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದರು. ಲೋಹವು ಸದ್ದನ್ನು ದೂರಕ್ಕೆ ಒಯ್ಯುತ್ತದೆ. ಒಂದು ಕಡೆ ಹುಟ್ಟಿದ್ದು ಇನ್ನೊಂದು ಕಡೆ ಕೇಳಿಸುತ್ತದೆ. ಒಮ್ಮೆ ಹೊಸ ಮಾದರಿಯ ಕಾರೊಂದು ಬಂತು. ಆಲಿಸಿ ನೋಡಿ, “ಇದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಶಬ್ದ. ಇರಬೇಕಾದ್ದೇ. ಮನೆಗೆ ಹೋಗಿ” ಎಂದು ಒಂದು ರೂಪಾಯಿಯನ್ನೂ ಪಡೆಯದೆ ಕಳುಹಿಸಿದರು. ಆ ಕಾರಿನವರ ಮುಖದಲ್ಲಿ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚಿತ್ತು! ಏನನ್ನಾದರೂ ಬದಲಿಸಿದರಷ್ಟೇ ನಮಗೆ ನಂಬಿಕೆ.

ಆಲಿಸುವ ಈ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಅತ್ತಾವರಕ್ಕೆ ತಾಗಿಕೊಂಡೇ ಇರುವ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹಂಚು ಕೊಳ್ಳುವ ನಮ್ಮ ಹಿರಿಯರು ಅದನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಿದ್ದರು. ಗಟ್ಟಿ ಹಂಚು ಠಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಕಣ್ಣಿಗೆ ಚೆನ್ನಾಗಿದ್ದರೂ ಬೊದ್ದೆನ್ನುತ್ತದೆ. ಆಸ್ಟ್ರಿಯಾದ ಔಯೆನ್‌ಬ್ರುಗ್ಗರ್ ಎಂಬ ವೈದ್ಯರು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ರೋಗವನ್ನು ಅರಿಯುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದರು. ಅವರ ತಂದೆ ಛತ್ರ ನಡೆಸುತ್ತಿದ್ದವರು. ಪೀಪಾಯಿಯನ್ನು ತಟ್ಟಿ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯುವುದನ್ನು ಮಗ ಅಲ್ಲಿಯೇ ಕಲಿತರೆಂದು ಹೇಳುತ್ತಾರೆ. ಸುಮಾರು ನಲವತ್ತು ವರ್ಷ ಯಾರೂ ಅದನ್ನು ಹೆಚ್ಚಾಗಿ ಲೆಕ್ಕಕ್ಕೆ ಇಡಲಿಲ್ಲ. ಮುಂದೆ 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದರು, ಸ್ಟೆತಸ್ಕೋಪ್ ಹುಟ್ಟಿತು. ಅದೇ ಲೆನೆಕ್ 1826ರಲ್ಲಿ ಕ್ಷಯದಿಂದ ಬಳಲುತ್ತಿದ್ದಾಗ, ತಮ್ಮ ಎದೆಯನ್ನು ಆಲಿಸಿ ಕೇಳಿಸಿದ್ದನ್ನು ಹೇಳುವಂತೆ ಸಂಬಂಧಿಕ ವೈದ್ಯರೊಬ್ಬರನ್ನು ಕೇಳಿಕೊಂಡರು. ಉತ್ತರ ಏನೆಂದು ಆ ಸದ್ದುಗಳನ್ನು ಮೊದಲು ವರ್ಣಿಸಿದ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಕೇಳಿದರು. ಅತ್ತಾವರದ ಕೆಎಂಸಿ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ನಮ್ಮ ಮನೆಗಳಲ್ಲಿಯೂ ಇಂತಹ ಸದ್ದುಗಳಿವೆ. ಮುದುಕಿ ತಾಯಿಯ ಗೊಣಗಾಟ, ಹರೆಯದ ಮಗನ ಒರಟು ಮಾತು, ಸೊಸೆಯ ಪಾತ್ರೆ ಬಡಿಯುವ ಸದ್ದು. “ಸುಮ್ಮನಿರು” ಎಂದು ಬಿಗಿದುಬಿಡುವುದು ಬಹಳ ಸುಲಭ. ಮನೆ ಶಾಂತವಾಗುತ್ತದೆ, ಬಂದ ನೆಂಟರು ಹೊಗಳುತ್ತಾರೆ. ಎಲ್ಲ ಗೊಣಗಾಟದ ಹಿಂದೆಯೂ ದೊಡ್ಡ ನೋವಿದೆಯೆಂದು ನಾನು ಹೇಳುತ್ತಿಲ್ಲ. ಇಂಜೆಕ್ಟರಿನ ಹಾಗೆ, ಇರಬೇಕಾದ ಸದ್ದುಗಳೂ ಇವೆ. ಯಾವುದು ಯಾವುದೆಂದು ತಿಳಿಯಲು ಹತ್ತಿರ ಹೋಗಿ ಕಿವಿಯಿಡಬೇಕಾಗುತ್ತದೆ, ಅದಕ್ಕೆ ನಮಗೆ ಪುರುಸೊತ್ತಿರುವುದಿಲ್ಲ.

ಇನ್ನು ಆ ಹುಡುಗನ ವಿಷಯ. ಅವನ ತಪ್ಪೇ ಇಲ್ಲವೇ? ಅವನಿಗೆ ಸರಿಯಾದದ್ದು ಗೊತ್ತಿತ್ತು, ಹೇಳಿಯೂ ಇದ್ದ, ಆದರೂ ಬಿಗಿದ. ತಿಳಿದವನು ಬಲವಂತಕ್ಕೆ ಮಣಿದರೆ ಹೊಣೆ ಯಾರದು? ಹಿರಿಯರನ್ನು ಕೇಳಿದೆ. “ನಾನಾದರೆ ಮಾಡುತ್ತಿರಲಿಲ್ಲ. ಆದರೆ ಇದು ನನ್ನ ಸ್ವಂತ ಗ್ಯಾರೇಜು” ಎಂದರು. ಆ ಮಾತನ್ನು ನಾನು ಇಂದಿಗೂ ತೂಗಿ ನೋಡುತ್ತಿದ್ದೇನೆ. ಇಲ್ಲ ಎನ್ನಲು ಅವನು ಕೆಲಸವನ್ನೇ ಪಣಕ್ಕಿಡಬೇಕಿತ್ತು. ಅವನ ಮಾತನ್ನು ಕೇಳಲು ನಾನು ಪಣಕ್ಕಿಡಬೇಕಾಗಿದ್ದದ್ದು ನೆರೆಯವರ ಒಂದು ನಗುವನ್ನು ಮಾತ್ರ. ಹೊಣೆಯಲ್ಲಿ ಅವನಿಗೂ ಪಾಲಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ, ಆದರೆ ಅದನ್ನು ಅಳೆದು ಹೇಳುವ ಹಕ್ಕು ನನಗಿಲ್ಲ.

ವಾರದ ಬಳಿಕ ಮೊದಲಿನ ಗ್ಯಾರೇಜಿಗೆ ಹೋಗಿ, ಬಿಗಿಯಲು ಹೇಳಿದವನು ನಾನೇ, ಹುಡುಗ ಬೇಡವೆಂದಿದ್ದ ಎಂದು ಮಾಲೀಕರಿಗೆ ತಿಳಿಸಿದೆ. ಅವರು ಕೂಡ ಅಂದು ಅಲ್ಲೇ ನಿಂತು ಕೇಳಿದವರು, ಮುಖ ತಗ್ಗಿಸಿದರು. ನನ್ನ ಫೋನ್ ಬಂದ ಸಂಜೆಯೇ ಅವನನ್ನು ಬಿಡಿಸಿದ್ದರಂತೆ. ಊರು ಪುತ್ತೂರಿನ ಕಡೆ ಎಂದಷ್ಟೇ ಅವರಿಗೆ ಗೊತ್ತಿತ್ತು. ಎರಡು ಬಾರಿ ಹೋಗಿ ವಿಚಾರಿಸಿದೆ. ಗಲ್ಫಿಗೆ ಹೋದನೆಂದು ಒಬ್ಬರು, ಬೆಂಗಳೂರಿನಲ್ಲಿದ್ದಾನೆಂದು ಇನ್ನೊಬ್ಬರು ಹೇಳಿದರು. ಮಾಲೀಕರಿಗೆ ನಾನು ಹೇಳಿದ ಮಾತು ಅವನ ಕಿವಿಗೆ ತಲುಪಿತೋ ಇಲ್ಲವೋ ತಿಳಿಯದು. ಕಾರನ್ನು ಮತ್ತೂ ಎಂಟು ವರ್ಷ ಓಡಿಸಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಟಿಕ್ ಟಿಕ್ ಇದ್ದೇ ಇತ್ತು.