ಸುಣ್ಣ ಉಣ್ಣುವ ಪಾಚಿ

ಹವಳದ ಅಕ್ವೇರಿಯಂ ಕಟ್ಟಿದವರೆಲ್ಲ ಎದುರು ನೋಡುವ ಒಂದು ದಿನವಿದೆ. ಗಾಜಿನ ಒಳಮೈಯಲ್ಲೋ ಪಂಪಿನ ಅಂಚಿನಲ್ಲೋ ಸಾಸಿವೆ ಕಾಳಿನಷ್ಟು ಗುಲಾಬಿ ಚುಕ್ಕೆ ಮೂಡುವ ದಿನ. ಬಟ್ಟೆಯಲ್ಲಿ ಉಜ್ಜಿದರೆ ಹೋಗದು, ಉಗುರಿಗೂ ಜಗ್ಗದು. ಕೆರೆಯಲು ಬ್ಲೇಡೇ ಬೇಕು. ಇದು ಕೊರಲೈನ್ ಪಾಚಿ. ಕೆಂಪು ಪಾಚಿಗಳ ಕುಲದ್ದಾದರೂ ಜೀವಕೋಶದ ಗೋಡೆಯಲ್ಲಿ ಸುಣ್ಣ ತುಂಬಿಕೊಂಡು ಗಟ್ಟಿಯಾಗುತ್ತದೆ.

ಕಡಲಿನಲ್ಲಿ ಇದರ ಕೆಲಸ ದೊಡ್ಡದು. ಅಲೆ ಬಂದು ಬಡಿಯುವ ಅಂಚಿನಲ್ಲಿ ಸತ್ತ ಹವಳದ ಚೂರುಗಳನ್ನು ಬೆಸೆದು ದಿಬ್ಬವನ್ನು ಹಿಡಿದು ನಿಲ್ಲಿಸುತ್ತದೆ. ನೆಲೆ ಹುಡುಕುತ್ತಾ ತೇಲುವ ಎಷ್ಟೋ ಜಾತಿಯ ಹವಳದ ಮರಿಗಳು ಇದರ ಸುಳಿವು ಸಿಕ್ಕಲ್ಲೇ ಇಳಿದು ಬೀಡುಬಿಡುತ್ತವೆ. 1980ರ ದಶಕದಲ್ಲಿ ಬಹಾಮಾಸ್ ಬಳಿ ನೀರಿಗಿಳಿದ ವಿಜ್ಞಾನಿಗಳು ಇದರ ಬಳಗದ ಪಾಚಿಯೊಂದನ್ನು 268 ಮೀಟರ್ ಆಳದಲ್ಲಿ ಜೀವಂತವಾಗಿ ಕಂಡರು. ಅಷ್ಟು ಮಂದ ಬೆಳಕಿನಲ್ಲೂ ಬದುಕಬಲ್ಲ ಜೀವ, ಝಗಮಗಿಸುವ ದೀಪದ ಕೆಳಗಿನ ತೊಟ್ಟಿಯಲ್ಲಿ ಏಕೆ ಮುನಿಸಿಕೊಳ್ಳುತ್ತದೆ?

ನೀರಿನ ಲೆಕ್ಕ ತಪ್ಪಿರುತ್ತದೆ, ಅದಕ್ಕೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ, 1300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಕ್ಷಾರೀಯತೆ, ಹವ್ಯಾಸಿಗಳ ಡಿಕೆಎಚ್ ಅಳತೆಯಲ್ಲಿ, ಸುಮಾರು 7. ಪಾಚಿಯಾಗಲಿ ಹವಳವಾಗಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಸಮಪಾಲಿನಲ್ಲಿ ಎಳೆದುಕೊಂಡು ಕಟ್ಟುತ್ತವೆ. ಆದರೆ ನೀರಿನಲ್ಲಿ ಕ್ಯಾಲ್ಸಿಯಂ ದಾಸ್ತಾನು ದೊಡ್ಡದು, ಕ್ಷಾರೀಯತೆ ಅಳೆದು ತೋರಿಸುವ ಕಾರ್ಬೊನೇಟಿನದು ಚಿಕ್ಕದು. ಕ್ಷಾರೀಯತೆ 7ರಿಂದ 6ಕ್ಕೆ ಬಿದ್ದರೆ ಏಳನೇ ಒಂದು ಭಾಗವೇ ಖಾಲಿ. ಅದೇ ಹೊತ್ತಿಗೆ ಕ್ಯಾಲ್ಸಿಯಂ 420ರಿಂದ 413ಕ್ಕೆ ಇಳಿದಿರುತ್ತದೆ, ಅಷ್ಟೆ. ಅಷ್ಟು ಸಣ್ಣ ಇಳಿಕೆ ಮನೆಯ ಟೆಸ್ಟ್ ಕಿಟ್ಟಿಗೆ ಕಾಣುವುದೇ ಇಲ್ಲ. ಹೊಸಬರು ಕ್ಯಾಲ್ಸಿಯಂ ನೋಡಿ 'ಎಲ್ಲಾ ಸರಿ ಇದೆ' ಎಂದುಕೊಂಡು ದೀಪ ಬದಲಿಸುತ್ತಾರೆ, ದುಬಾರಿ ಬಾಟಲಿ ತಂದು ಸುರಿಯುತ್ತಾರೆ. ಕ್ಯಾಲ್ಸಿಯಂ ವಾರಕ್ಕೊಮ್ಮೆ ನೋಡಿದರೆ ಸಾಕು. ಕ್ಷಾರೀಯತೆಯನ್ನು ದಿನವೂ ನೋಡಬೇಕು.

ನೋಡುವುದೂ ಸುಲಭ. ಪುಟ್ಟ ಗಾಜಿನ ಕೊಳವೆಗೆ 5 ಮಿಲಿಲೀಟರ್ ತೊಟ್ಟಿಯ ನೀರು ತುಂಬಿ, ಕಿಟ್ಟಿನ ದ್ರಾವಣವನ್ನು ಒಂದೊಂದೇ ಹನಿ ಬಿಟ್ಟು ಕುಲುಕಬೇಕು. ಮೊದಲ ಹನಿಗೆ ನೀಲಿ. ಐದಾಯಿತು, ಆರಾಯಿತು, ಇನ್ನೂ ನೀಲಿಯೇ. ಏಳನೆಯ ಹನಿ ಬಿದ್ದು ಕುಲುಕುತ್ತಿದ್ದಂತೆ ಹಳದಿಗೆ ತಿರುಗಿದರೆ ಕ್ಷಾರೀಯತೆ 7.

ಇಳಿದದ್ದನ್ನು ತುಂಬಲು ಹಲವು ದಾರಿಗಳಿವೆ. ನನಗೆ ಹಿಡಿಸಿದ್ದು ಸುಣ್ಣದ ತಿಳಿನೀರು. ಶಾಲೆಯಲ್ಲಿ ಕೊಳವೆ ಇಟ್ಟು ಊದಿ ಹಾಲಿನ ಬಣ್ಣಕ್ಕೆ ತಿರುಗಿಸಿದೆವಲ್ಲ, ಅದೇ. ವೀಳ್ಯದೆಲೆಗೆ ಹಚ್ಚುವ ಸುಣ್ಣವೂ ಮೂಲದಲ್ಲಿ ಇದೇ ವಸ್ತು, ತೊಟ್ಟಿಗೆ ಮಾತ್ರ ಕಲಬೆರಕೆಯಿಲ್ಲದ್ದು ಬೇಕು. ಪಾಚಿ ಯಾವ ಪಾಲಿನಲ್ಲಿ ಕ್ಯಾಲ್ಸಿಯಂ, ಕ್ಷಾರೀಯತೆ ಎರಡನ್ನೂ ಎಳೆದುಕೊಳ್ಳುತ್ತದೋ ಅದೇ ಪಾಲಿನಲ್ಲಿ ಇದು ಹಿಂದಿರುಗಿಸುತ್ತದೆ. ಆದರೆ ಇದರ ಪಿಎಚ್ 12 ದಾಟುತ್ತದೆ. ಆದ್ದರಿಂದ ರಾತ್ರಿ ತೊಟ್ಟಿಯ ಪಿಎಚ್ ತಾನಾಗಿ ಇಳಿದಿರುವಾಗ ತೊಟ್ಟುತೊಟ್ಟಾಗಿ ಬಿಡಬೇಕು. ಒಮ್ಮೆಲೇ ಸುರಿದರೆ ನೀರು ಬೆಳ್ಳಗಾಗಿ, ಪಾಚಿಗೆ ಸೇರಬೇಕಾದ ಸುಣ್ಣ ಪುಡಿಯಾಗಿ ಪಂಪಿಗೆ ಮೆತ್ತಿಕೊಳ್ಳುತ್ತದೆ. ಹರಳುಗಳು ಹಾಗೆ ಬೇಕಾಬಿಟ್ಟಿ ಬೆಳೆಯದಂತೆ ತಡೆಯುವುದು ಮೆಗ್ನೀಸಿಯಂ. ಅದು ತೀರಾ ಇಳಿದರೆ ಉಳಿದೆರಡನ್ನು ಕಾಯುವುದೇ ಕಷ್ಟ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಮನೆಮಂದಿಯ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗಿಳಿದು ಪಿಎಚ್ ತಗ್ಗುತ್ತದೆ, ಸುಣ್ಣ ಕಟ್ಟುವುದು ನಿಧಾನವಾಗುತ್ತದೆ. ಕಿಟಕಿ ತೆರೆದಿಟ್ಟರೆ ಪಿಎಚ್ ಮತ್ತೆ ಏರುತ್ತದೆ, ಔಷಧಿ ಬೇಕಿಲ್ಲ. ಮೀನಿಗೆ ಹೆಚ್ಚು ಊಟ ಹಾಕಿ ಫಾಸ್ಫೇಟ್ ಏರಿಸಿದರೂ ಸುಣ್ಣ ಕಟ್ಟುವ ಕೆಲಸ ಕುಂಟುತ್ತದೆ. ಇಡೀ ಕಡಲಿಗೆ ಈಗ ಬಂದಿರುವುದು ಮುಚ್ಚಿದ ಕೋಣೆಯ ಕಷ್ಟವೇ. ಕೈಗಾರಿಕೆಗಳು ಬಂದ ಮೇಲೆ ಕಡಲ ಮೇಲ್ಪದರದ ಸರಾಸರಿ ಪಿಎಚ್ 8.2ರಿಂದ ಸುಮಾರು 8.1ಕ್ಕೆ ಇಳಿದಿದೆ. ಕೊರಲೈನ್ ಪಾಚಿ ಕಟ್ಟುವ ಮೆಗ್ನೀಸಿಯಂ ಬೆರೆತ ಸುಣ್ಣ ಬೇಗ ಕರಗುವಂಥದ್ದು, ಹಾಗಾಗಿ ಮೊದಲ ಪೆಟ್ಟು ಬೀಳುವವರ ಸಾಲಿನಲ್ಲಿ ಇದೂ ಇದೆ. ನಮ್ಮ ದೇಶದಲ್ಲಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಮ್ಮ ನೇತ್ರಾಣಿ ದ್ವೀಪದ ಸುತ್ತಲ ನೀರಿನಿಂದ ಚೂರನ್ನೂ ತರುವಂತಿಲ್ಲ, ತರಲೂಬಾರದು.

ಸಾಕಿದ ಹವಳ ಕಾನೂನುಬದ್ಧವಾಗಿ ಸಿಗುವ ದೇಶಗಳಲ್ಲಿ ತೊಟ್ಟಿ ಇಟ್ಟಿರುವ ನಮ್ಮವರಿಗೆ ಒಂದು ಮಾತು. ಕ್ಷಾರೀಯತೆ ದಿನವೂ ಒಂದಿಷ್ಟು ಇಳಿಯುತ್ತಿದ್ದರೆ ಗಾಬರಿಯಾಗಬೇಡಿ, ಒಳಗೆ ಯಾರೋ ಕಟ್ಟುತ್ತಿದ್ದಾರೆ. 7.5 ಇರಲಿ, 9 ಇರಲಿ, ಒಂದು ಕಡೆ ನಿಲ್ಲಿಸಿ. ಇಂದು ಏರಿಸಿ ನಾಳೆ ಇಳಿಸುವ ಆಟ ಬೇಡ. ನೇರಳೆ ಬಣ್ಣ ತರಿಸುತ್ತೇವೆಂದು ಹೇಳುವ ಬಾಟಲಿಗೆ ಕೊಡುವ ದುಡ್ಡಿನಲ್ಲಿ ಮೊದಲು ಕ್ಷಾರೀಯತೆಯ ಕಿಟ್ ಕೊಳ್ಳಿ, ದಿನವೂ ಒಂದೇ ಹೊತ್ತಿಗೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ.